ಈಸ್ಟ್ರೋಜನ್ 34 ಬಂದಿದೆ, ಟ್ರೈನರ್ ಮಾತ್ರೆ ಕೊಟ್ಟಿದ್ದಾರೆ, ತಗೊಳ್ಳಬಹುದಾ?

ಕಬ್ಬಿಣದ ಕಡಲೆ:
ವಯಸ್ಸು 31, ತೂಕ 92 ಕೆಜಿ. ಹೊಟ್ಟೆ ಕರಗ್ತಿಲ್ಲ ಅಂತ ರಕ್ತ ಪರೀಕ್ಷೆ ಮಾಡಿಸಿದೆ. ಟೆಸ್ಟೋಸ್ಟಿರಾನ್ ನಾರ್ಮಲ್, ಎಸ್ಟ್ರಡಯಾಲ್ (ಈಸ್ಟ್ರೋಜನ್‌ನ ಮುಖ್ಯ ರೂಪ) 34 ಪಿಕೋಗ್ರಾಂ. ಟ್ರೈನರ್ ನೋಡಿ, "ಇದು ಹೆಂಗಸರ ಹಾರ್ಮೋನು, ಸೊನ್ನೆಗೆ ಇಳಿಸು, ಹೊಟ್ಟೆ ತಾನಾಗೇ ಇಳಿಯುತ್ತೆ" ಅಂತ ಅನಾಸ್ಟ್ರೋಜೋಲ್ ಸ್ಟ್ರಿಪ್ ಕೈಗಿಟ್ಟರು. ಯಾರಾದರೂ ತಗೊಂಡಿದ್ದೀರಾ?

ಮೂಳೆಮಾತು:
ಆ ಸ್ಟ್ರಿಪ್ ಮೊದಲು ಪಕ್ಕಕ್ಕಿಡಿ. ಅದು ಸ್ತನ ಕ್ಯಾನ್ಸರ್ ಮಾತ್ರೆ. 34 ಅಂದ್ರೆ ಬಹಳಷ್ಟು ಲ್ಯಾಬ್‌ಗಳ ಲೆಕ್ಕದಲ್ಲಿ ಗಂಡಸರಿಗೆ ಮಾಮೂಲಿ. ನಮ್ಮ ಮೈಯಲ್ಲಿ ಟೆಸ್ಟೋಸ್ಟಿರಾನ್‌ನ ಒಂದು ಪಾಲನ್ನು ಅರೋಮಟೇಸ್ ಅನ್ನೋ ಕಿಣ್ವ ಈಸ್ಟ್ರೋಜನ್ ಮಾಡುತ್ತದೆ, ಮೂಳೆ ಸವೆಯದಂತೆ ಕಾಯುವ ಕೆಲಸ ಹೆಚ್ಚಾಗಿ ಈ ಈಸ್ಟ್ರೋಜನ್‌ದೇ. ನಿಮ್ಮ ಮಾತ್ರೆ ಆ ಕಿಣ್ವವನ್ನೇ ತಡೆಯುತ್ತದೆ. 1994ರಲ್ಲಿ ಅಮೆರಿಕದಲ್ಲಿ ಒಬ್ಬರ ಕೇಸ್ ವರದಿಯಾಯಿತು. ಟೆಸ್ಟೋಸ್ಟಿರಾನ್ ಸರಿಯಾಗಿತ್ತು, ಈಸ್ಟ್ರೋಜನ್ನೂ ಇತ್ತು, ಆದರೆ ಅದನ್ನು ಹಿಡಿಯುವ ರಿಸೆಪ್ಟರ್ ಕೆಟ್ಟಿತ್ತು. 28 ವಯಸ್ಸಿಗೆ 204 ಸೆಂ.ಮೀ. ಎತ್ತರ, ಇನ್ನೂ ಬೆಳೀತಾನೇ ಇದ್ದರು! ಮೂಳೆಯ ತುದಿಗಳು 15ರ ಹುಡುಗನ ಹಾಗೆ ಕೂಡಿಕೊಂಡೇ ಇರಲಿಲ್ಲ, ಮೂಳೆ ಟೊಳ್ಳು, ಸಾಲದ್ದಕ್ಕೆ ಇನ್ಸುಲಿನ್ ಜಾಸ್ತಿ. ಗಂಡಸರಿಗೆ ಟೆಸ್ಟೋಸ್ಟಿರಾನ್ ಒಂದೇ ಸಾಕು ಅಂತಿದ್ದವರ ಬಾಯಿ ಆ ಒಬ್ಬ ಮನುಷ್ಯನಿಂದ ಮುಚ್ಚಿತು.

ಹೊಟ್ಟೆ ವಿಷಯಕ್ಕೆ ಬಂದರೆ, ನಿಮ್ಮ ಟ್ರೈನರ್ ಹೇಳಿದ್ದು ಪೂರಾ ಉಲ್ಟಾ. 2013ರಲ್ಲಿ ಬಾಸ್ಟನ್‌ನಲ್ಲಿ ಸಂಶೋಧಕರು ಆರೋಗ್ಯವಂತ ಗಂಡಸರ ಸ್ವಂತ ಟೆಸ್ಟೋಸ್ಟಿರಾನ್ ತಯಾರಿಯನ್ನು ಇಂಜೆಕ್ಷನ್ನಿಂದ ನಿಲ್ಲಿಸಿ, ಟೆಸ್ಟೋಸ್ಟಿರಾನ್ ಜೆಲ್ ಮಾತ್ರ ಕೊಟ್ಟು, ಕೆಲವರಿಗೆ ನಿಮ್ಮ ಕೈಲಿರೋ ಇದೇ ಅನಾಸ್ಟ್ರೋಜೋಲನ್ನೂ ಸೇರಿಸಿ 16 ವಾರ ನೋಡಿದರು. ಸ್ನಾಯು ಮತ್ತು ಶಕ್ತಿ ಟೆಸ್ಟೋಸ್ಟಿರಾನ್ ಮೇಲೆ ನಿಂತಿತ್ತು. ಕೊಬ್ಬು ಏರಿದ್ದು ಈಸ್ಟ್ರೋಜನ್ ಕಡಿಮೆಯಾದಾಗ.

ಹಳೇ ಪೈಲ್ವಾನ:
ನಾನು ಮೂರು ತಿಂಗಳು ಹೀಗೇ ಯಾರೋ ಹೇಳಿದರು ಅಂತ ನುಂಗಿದ್ದೆ. ಬೆಳಗ್ಗೆ ಎದ್ದರೆ ಬೆರಳು ಮಡಚೋಕೆ ಆಗ್ತಿರಲಿಲ್ಲ, ಬಕೆಟ್ ಎತ್ತೋಕೂ ಹೆಂಡತಿನ ಕರೀಬೇಕಿತ್ತು. ಮನಸ್ಸೂ ಮಂಕು, "ಆಸೆ"ಯೂ ಮಂಕು. ಬಿಟ್ಟ ಮೇಲೆ ಸರಿ ಹೋಯಿತು. ಹೊಟ್ಟೆ ಮಾತ್ರ ಅಷ್ಟೇ ಇತ್ತು ಬಿಡಿ.

ಕಬ್ಬಿಣದ ಕಡಲೆ:
ಅಯ್ಯೋ. ಹಾಗಾದರೆ ದಪ್ಪಗಿರೋರಿಗೆ ಈಸ್ಟ್ರೋಜನ್ ಜಾಸ್ತಿ ಅನ್ನೋದು ಸುಳ್ಳಾ?

ಮೂಳೆಮಾತು:
ಸುಳ್ಳಲ್ಲ, ಕೊಬ್ಬಿನಲ್ಲೂ ಅರೋಮಟೇಸ್ ಇರುತ್ತದೆ. ತೂಕ ಇಳಿದರೆ ಅದೂ ಇಳಿಯುತ್ತದೆ, ಮಾತ್ರೆ ಬೇಡ. ಎದೆ ಊದಿದ್ದರೆ, ಗಂಟು ಸಿಕ್ಕಿದರೆ, ಆಗ ಎಂಡೋಕ್ರೈನ್ (ಹಾರ್ಮೋನ್) ಡಾಕ್ಟರಿಗೆ ತೋರಿಸಿ, ಟ್ರೈನರಿಗಲ್ಲ. ಅಂದಹಾಗೆ, ಈಗಾಗಲೇ ಎಷ್ಟು ನುಂಗಿದ್ದೀರಿ?

ಕಬ್ಬಿಣದ ಕಡಲೆ:
ಎರಡು 🙈 ಉಳಿದ ಎಂಟು ಪ್ರೋಟೀನ್ ಡಬ್ಬದ ಹಿಂದೆ ಇವೆ. ಸಂಜೆ ವಾಪಸ್ ಕೊಡ್ತೀನಿ.