ಅಜ್ಜಿಯ ಪೆಟಾರಿಯ ರೂಪಾಯಿ: ಮೇಲಿನ ಠಸ್ಸೆ ಅಸಲಿಯೇ?

ಸಾಗರದ ಓದುಗ:
ಅಜ್ಜಿಯ ಪೆಟಾರಿಯಲ್ಲಿ, ಅಡಿಕೆ ಮಂಡಿಯ ಹಳೆಯ ಚೀಟಿಗಳ ಗಂಟಿನೊಂದಿಗೆ, ಕಂಪನಿ ಸರ್ಕಾರದ 1840ರ ಬೆಳ್ಳಿ ರೂಪಾಯಿಯೊಂದು ಸಿಕ್ಕಿದೆ. ವಿಕ್ಟೋರಿಯಾ ರಾಣಿಯ ಕೆನ್ನೆಯ ಮೇಲೆ ಆರು ಎಸಳಿನ ಪುಟ್ಟ ಹೂವಿನ ಠಸ್ಸೆ ಒತ್ತಿದೆ. ತೂಕ 11.52 ಗ್ರಾಂ. ಶಿವಮೊಗ್ಗದ ಒಬ್ಬ ವ್ಯಾಪಾರಿ ಇದು ಸಂಸ್ಥಾನವೊಂದರ ಅಪರೂಪದ ಮುದ್ರೆ ಎಂದರು. ಇನ್ನೊಬ್ಬರು ಇದು ಹಾಳಾದ ನಾಣ್ಯ, ಕರಗಿಸುವ ಬೆಲೆಗಷ್ಟೇ ತೆಗೆದುಕೊಳ್ಳುತ್ತೇನೆ ಎಂದರು. ಬಲ್ಲವರು ದಯವಿಟ್ಟು ತಿಳಿಸಬೇಕು.

ತೀರ್ಥಹಳ್ಳಿಯ ಅಕ್ಕಸಾಲಿ:
ಆ ರೂಪಾಯಿಯ ಮೂಲ ತೂಕ 11.66 ಗ್ರಾಂ, ಅದರಲ್ಲಿ ನೂರಕ್ಕೆ 91.7ರಷ್ಟು ಬೆಳ್ಳಿ. ಕೈಯಿಂದ ಕೈಗೆ ಸವೆದು ಇಷ್ಟು ಇಳಿದಿರುವುದು ಸಹಜ. ಒರೆಗಲ್ಲಿಗೆ ಹಚ್ಚಬೇಡಿ, ಗೆರೆ ಉಳಿಯುತ್ತದೆ. ತಕ್ಕಡಿಯ ಮೇಲೆ ಲೋಟದಲ್ಲಿ ನೀರಿಟ್ಟು, ತೋರುವ ತೂಕವನ್ನು ಸೊನ್ನೆ ಮಾಡಿ, ನಾಣ್ಯವನ್ನು ದಾರದಲ್ಲಿ ಕಟ್ಟಿ ತಳಕ್ಕೂ ಗೋಡೆಗೂ ತಾಗದಂತೆ ಮುಳುಗಿಸಿರಿ. ಬೆಳ್ಳಿ ಸರಿಯಿದ್ದರೆ ತಕ್ಕಡಿ 1.12 ಗ್ರಾಂ ಆಸುಪಾಸು ತೋರಬೇಕು. ಇದೇ ತೂಕದ ಜರ್ಮನ್ ಸಿಲ್ವರ್ ಆಗಿದ್ದರೆ 1.3 ಗ್ರಾಂ ದಾಟುತ್ತದೆ.

ಹೊಸನಗರದ ಮೇಷ್ಟ್ರು:
ಅಕ್ಕಸಾಲಿಗಳು ಹೇಳಿದ್ದು ನಾಣ್ಯದ ಪರೀಕ್ಷೆ, ಠಸ್ಸೆಯದಲ್ಲ. ಅಸಲಿ ರೂಪಾಯಿಯ ಮೇಲೆ ನಿನ್ನೆ ಒತ್ತಿದ ಮುದ್ರೆಯೂ ಇರಬಹುದು, ಏಕೆಂದರೆ ಒತ್ತುವಾಗ ಲೋಹ ಜರಗುತ್ತದೆಯೇ ಹೊರತು ಕಳೆದುಹೋಗುವುದಿಲ್ಲ; ತೂಕ ಹಾಗೆಯೇ ಉಳಿಯುತ್ತದೆ. ಮೊಗಲ್ ಮಾದರಿಯ ರೂಪಾಯಿಗಳ ಕಾಲದಲ್ಲಿ ಟಂಕಸಾಲೆ ಮತ್ತು ವರ್ಷಕ್ಕೆ ತಕ್ಕಂತೆ ಬೆಲೆಯಲ್ಲಿ ವ್ಯತ್ಯಾಸವಿತ್ತು. ಹಳೆಯ ವರ್ಷದ ನಾಣ್ಯಕ್ಕೆ ಚಿನಿವಾರರು, ಅಂದರೆ ನಾಣ್ಯ ಪರೀಕ್ಷಿಸಿ ವಿನಿಮಯ ಮಾಡುವವರು, ಬಟ್ಟಾ ಎಂದು ಬೆಲೆಯಲ್ಲಿ ಕಡಿತ ಹಿಡಿಯುತ್ತಿದ್ದರು, ಪರೀಕ್ಷಿಸಿದ ನಾಣ್ಯಕ್ಕೆ ತಮ್ಮ ಗುರುತು ಒತ್ತುತ್ತಿದ್ದರು. 1835ರಲ್ಲಿ ಕಂಪನಿಯು ಏಕರೂಪದ ರೂಪಾಯಿಯನ್ನು ತಂದ ಮೇಲೆ ಆ ಬಟ್ಟಾದ ಲೆಕ್ಕಕ್ಕೆ ಕಾರಣ ಉಳಿಯಲಿಲ್ಲ. ಹಾಗಾಗಿ 1840ರ ನಾಣ್ಯದ ಮೇಲೆ ಹೂವು ಕಂಡರೆ ನನಗೆ ಮೊದಲು ಬರುವುದು ಅನುಮಾನವೇ.

ಕೊಪ್ಪದ ಸಂಗ್ರಾಹಕಿ:
ಮೇಷ್ಟ್ರೇ, ಬಟ್ಟಾ ಹೋದರೂ ಖೋಟಾ ನಾಣ್ಯ ಹೋಗಲಿಲ್ಲವಲ್ಲ. ಪರೀಕ್ಷೆಯ ಗುರುತು ಅನಂತರವೂ ಬಿದ್ದಿರಬಹುದು. ಆದರೆ ಸಂಸ್ಥಾನದ ಮುದ್ರೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಸರ್ಕಾರ ಒತ್ತಿಸಿದ ಮುದ್ರೆಗೆ ಕಾರಣವೂ ಕಾಲವೂ ದಾಖಲೆಯಲ್ಲಿರುತ್ತವೆ. 1797ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಸ್ಪೇನಿನ ಡಾಲರುಗಳ ಮೇಲೆ ಮೂರನೆಯ ಜಾರ್ಜ್ ದೊರೆಯ ಪುಟ್ಟ ತಲೆಯನ್ನು ಒತ್ತಿತು. ಹೊರಬಂದ ಕೂಡಲೇ ಅದರ ಖೋಟಾಗಳೂ ಹುಟ್ಟಿದವು. ಅದೇ ಅಂಡಾಕಾರದ ಮುದ್ರೆಯನ್ನು 1808ರ ಡಾಲರಿನ ಮೇಲೆ ತೋರಿಸಿದರೆ ಮಸೂರವೇ ಬೇಕಾಗಿಲ್ಲ, ಇಸವಿಯೇ ಸುಳ್ಳನ್ನು ಬಯಲು ಮಾಡುತ್ತದೆ. ನಮ್ಮ ರೂಪಾಯಿಯ ಮೇಲೂ 1889ರಲ್ಲಿ ಪೋರ್ಚುಗೀಸರ ಮೊಜಾಂಬಿಕ್ ಕಿರೀಟದ ಮುದ್ರೆ ಒತ್ತಿದ್ದುಂಟು. ಆರು ಎಸಳಿನ ಹೂವು ಯಾವ ಸಂಸ್ಥಾನದ್ದು ಎಂದು ಆ ವ್ಯಾಪಾರಿಯೇ ತೋರಿಸಲಿ.

ತೀರ್ಥಹಳ್ಳಿಯ ಅಕ್ಕಸಾಲಿ:
ಮೇಷ್ಟ್ರ ಆಕ್ಷೇಪ ಸರಿಯಾಗಿದೆ. ಆದರೆ ಠಸ್ಸೆಗೂ ಪರೀಕ್ಷೆ ಇದೆ, ಅದು ಹಿಂಭಾಗದಲ್ಲಿದೆ. ಅಡಿಗಲ್ಲಿನ ಮೇಲಿಟ್ಟು ಮುಂದೆ ಹೊಡೆದರೆ, ನೇರ ಹಿಂದಿನ ಅಕ್ಷರವೋ ಎಲೆಯೋ ಚಪ್ಪಟೆಯಾಗಲೇಬೇಕು. ಹೂವಿನ ಸುತ್ತ ಲೋಹ ಉಬ್ಬಿ ಸಣ್ಣ ಏರು ಎದ್ದಿರಬೇಕು. ಹಿಂದೆ ಏನೂ ಆಗಿಲ್ಲ, ಸುತ್ತ ಏರೂ ಇಲ್ಲ, ಗುಳಿಯಲ್ಲಿ ದುಂಡನೆಯ ರಂಧ್ರಗಳಿವೆ ಎಂದಾದರೆ, ಠಸ್ಸೆ ಸಮೇತ ಎರಕ ಹೊಯ್ದ ನಾಣ್ಯವೆಂದು ತಿಳಿಯಿರಿ.

ಸಾಗರದ ಓದುಗ:
ಎಲ್ಲರಿಗೂ ಕೃತಜ್ಞತೆಗಳು. ನೀರಿನಲ್ಲಿ 1.12 ಬಂತು. ಹೂವಿನ ಹಿಂದೆ ಬಳ್ಳಿಯ ಎರಡು ಎಲೆಗಳು ಒತ್ತಿಹೋಗಿವೆ. ಸುತ್ತಲಿನ ಏರು ಉಗುರಿಗೆ ಚುಚ್ಚುವಷ್ಟು ಹರಿತವಾಗಿದೆ. ಕಳೆದ ದೀಪಾವಳಿಗೆ ಅಮ್ಮ ವಿಭೂತಿಯಲ್ಲಿ ತಿಕ್ಕಿದ್ದಾರೆ. ಆದರೂ ಎಸಳುಗಳ ತಳದಲ್ಲಿ ಕಪ್ಪು ಉಳಿದಿದೆ.

ಹೊಸನಗರದ ಮೇಷ್ಟ್ರು:
ಆ ಕಪ್ಪನ್ನು ನೆಚ್ಚಬೇಡಿ, ಗಂಧಕ ತಾಗಿಸಿದರೆ ಬೆಳ್ಳಿ ಬೇಗನೆ ಕಪ್ಪಾಗುತ್ತದೆ. ನಾನು ನೋಡುವುದು ಸವೆತವನ್ನು. ರಾಣಿಯ ಕೂದಲಿನ ಎಳೆಗಳು ಹೇಗಿವೆ?

ಸಾಗರದ ಓದುಗ:
ಪೂರ್ತಿ ನುಣ್ಣಗಾಗಿವೆ, ಮೇಷ್ಟ್ರೇ.

ಹೊಸನಗರದ ಮೇಷ್ಟ್ರು:
ಹಾಗಾದರೆ ನಾಣ್ಯ ಚಲಾವಣೆಯಲ್ಲಿ ಸವೆದು ಮುಗಿದ ಮೇಲೆ ಠಸ್ಸೆ ಬಿದ್ದಿದೆ. ಅದೇ ಕಾಲದ್ದಾಗಿದ್ದರೆ ಎದ್ದುನಿಂತ ಏರು ಕೂದಲಿಗಿಂತ ಮೊದಲು ಸವೆಯಬೇಕಿತ್ತು. ನಾಣ್ಯ ಅಸಲಿ, ಠಸ್ಸೆಯನ್ನು ನಿಜವಾಗಿ ಒತ್ತಿದ್ದಾರೆ, ಆದರೆ ತೀರ ತಡವಾಗಿ.

ಕೊಪ್ಪದ ಸಂಗ್ರಾಹಕಿ:
ಈ ತರ್ಕಕ್ಕೆ ನನ್ನ ಒಪ್ಪಿಗೆ ಇದೆ. ಅಪರೂಪದ ಬೆಲೆ ಕೇಳಬೇಡಿ, ಕರಗಿಸಲೂ ಕೊಡಬೇಡಿ. ಇನ್ನು ತಿಕ್ಕುವುದು ಬೇಡವೆಂದು ಅಮ್ಮನವರಿಗೆ ಹೇಳಿ, ಪಿವಿಸಿ ಪ್ಲಾಸ್ಟಿಕ್ಕಿನಲ್ಲಿ ಇಡದೆ ಆಮ್ಲವಿಲ್ಲದ ಕಾಗದದ ಲಕೋಟೆಯಲ್ಲಿಟ್ಟು, ಅದರ ಮೇಲೆ ತೂಕವನ್ನೂ ಯಾರ ಪೆಟಾರಿಯಲ್ಲಿ ಸಿಕ್ಕಿತೆಂಬುದನ್ನೂ ಬರೆದಿಡಿ.