ಅಪ್‌ಡೇಟ್: ತಂಗಿ ಸಿಇಟಿಗೇ ಓದುತ್ತಿದ್ದಾಳೆ

ಸೆಕೆಂಡ್ ಪಿಯುಸಿಯಲ್ಲಿರುವ ತಂಗಿ ಎಂಜಿನಿಯರಿಂಗ್‌ಗೆ ದೇಶಮಟ್ಟದ ಪ್ರವೇಶ ಪರೀಕ್ಷೆ ಜೆಇಇ ಮೇನ್‌ಗೆ ಓದಬೇಕೋ, ಕರ್ನಾಟಕದ ಪ್ರವೇಶ ಪರೀಕ್ಷೆ ಸಿಇಟಿಗೋ ಎಂದು ಕೇಳಿದ್ದೆ. ಸಿಇಟಿ ಅಂತ ನಿರ್ಧಾರವಾಯಿತು. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

"ಮೊದಲು ಯಾವ ಕಾಲೇಜು ಬೇಕು ಅಂತ ಬರೆದುಕೊಳ್ಳಿ" ಎಂದವರ ಸಲಹೆಯೇ ಕೆಲಸಕ್ಕೆ ಬಂತು. ಅವಳ ಪಟ್ಟಿಯಲ್ಲಿ ಸುರತ್ಕಲ್‌ನ ಎನ್‌ಐಟಿ ಒಂದಕ್ಕೆ ಮಾತ್ರ ಜೆಇಇ ಬೇಕಿತ್ತು. ಉಳಿದದ್ದೆಲ್ಲ ಬೆಂಗಳೂರಿನ ಯುವಿಸಿಇ, ಮೈಸೂರಿನ ಎನ್‌ಐಇ ತರಹದವು, ಸಿಇಟಿಯಲ್ಲೇ ಸಿಗುತ್ತವೆ.

ಎರಡಕ್ಕೂ ಒಟ್ಟಿಗೆ ಓದುವ ಸಲಹೆ ನಮಗೆ ಆಗಿಬರಲಿಲ್ಲ. ಸಿಇಟಿಯಲ್ಲಿ ಒಂದೊಂದು ವಿಷಯಕ್ಕೂ 80 ನಿಮಿಷಕ್ಕೆ 60 ಪ್ರಶ್ನೆ, ತಪ್ಪಿಗೆ ಅಂಕ ಕಳೆಯುವುದಿಲ್ಲ, ವೇಗ ಮುಖ್ಯ. ಜೆಇಇಯಲ್ಲಿ ಸರಿಗೆ 4, ತಪ್ಪಿಗೆ 1 ಹೋಗುತ್ತದೆ. ಅವಳಿಗೆ ತುಂಬಾ ಗೊಂದಲವಾಯಿತು, ಪಾಪ.

ನಮಗೆ ಗೊತ್ತೇ ಇರದ ವಿಷಯ ಅಂದರೆ, ಸಿಇಟಿ ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಅಂಕವೂ ಅರ್ಧ ಸೇರುತ್ತದೆ! ಬೋರ್ಡ್ ಪರೀಕ್ಷೆಯಲ್ಲಿ ಚೆನ್ನಾಗಿ ಬರೆಯುವವರಿಗೆ ಇದು ದೊಡ್ಡ ಬಲ ಅಲ್ವಾ? ಅದಕ್ಕೇ ಈಗ ಪಿಯುಸಿ ಪುಸ್ತಕವನ್ನೇ ಗಟ್ಟಿಯಾಗಿ ಓದುತ್ತಿದ್ದಾಳೆ.

ಖಾಸಗಿ ಕಾಲೇಜುಗಳ ಪ್ರವೇಶ ಪರೀಕ್ಷೆ ಕಾಮೆಡ್‌ಕೆಗೂ ಅರ್ಜಿ ಹಾಕುತ್ತೇವೆ. ಅಲ್ಲೂ ನೆಗೆಟಿವ್ ಮಾರ್ಕ್ಸ್ ಇಲ್ಲ, ಬೇರೆ ತಯಾರಿ ಜಾಸ್ತಿ ಬೇಡ. ಆದರೆ ಫೀಸ್ ಸಿಇಟಿ ಸೀಟಿಗಿಂತ ಬಹಳ ಹೆಚ್ಚು, ಅದನ್ನು ಮೊದಲೇ ನೋಡಿಕೊಳ್ಳಿ.