ಏರ್‌ಲೈನ್ ಇಂಟರ್‌ವ್ಯೂಗೆ ಹೊರಟವರ ಪ್ರಶ್ನೆಗಳು, ಕ್ಯಾಪ್ಟನ್ ಉತ್ತರಗಳು

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತಿನ ಪ್ರಶ್ನೋತ್ತರಕ್ಕೆ ನಮ್ಮ ಗುಂಪಿನ ಕ್ಯಾಪ್ಟನ್ ಸರ್ ಒಪ್ಪಿದ್ದಾರೆ. ಮೊದಲು ಎಟಿಆರ್ (ಸಣ್ಣ ಪ್ರೊಪೆಲ್ಲರ್ ವಿಮಾನ) ಹಾರಿಸ್ತಿದ್ರು, ಈಗ ಬೋಯಿಂಗ್ 737. ಸಿಮ್ಯುಲೇಟರ್‌ನಲ್ಲಿ ಕಲಿಸ್ತಾರೆ ಕೂಡ. ಸಿಪಿಎಲ್ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ಮುಗಿಸಿ ಇಂಟರ್‌ವ್ಯೂಗೆ ಕಾಯ್ತಿರೋರು ಕೇಳಿ. ಕಂಪನಿ ಹೆಸರು, ಫ್ಲೈಯಿಂಗ್ ಸ್ಕೂಲ್ ಹೆಸರು ಹಾಕಬೇಡಿ. ಕೇಳೋ ಮುಂಚೆ ಮೇಲಿನದನ್ನ ಓದಿ.

ಶಿವಮೊಗ್ಗ ಹುಡುಗಿ: ನಮಸ್ತೆ ಸರ್. ಟೆಕ್ನಿಕಲ್ ರೌಂಡ್‌ನಲ್ಲಿ ಏರೋಡೈನಮಿಕ್ಸ್ ಎಷ್ಟು ಆಳಕ್ಕೆ ಕೇಳ್ತಾರೆ? ಸೂತ್ರ ಎಲ್ಲ ಬಾಯಿಪಾಠ ಇರಬೇಕಾ?

ಕ್ಯಾಪ್ಟನ್: ಲಿಫ್ಟ್, ಅಂದ್ರೆ ರೆಕ್ಕೆ ವಿಮಾನವನ್ನ ಎತ್ತೋ ಬಲ, ಅದರ ಸೂತ್ರ ಬರಲೇಬೇಕಮ್ಮ. ಅರ್ಧ, ರೋ (ಗಾಳಿಯ ಸಾಂದ್ರತೆ), ವಿ ಸ್ಕ್ವೇರ್ (ವೇಗದ ವರ್ಗ), ಎಸ್ (ರೆಕ್ಕೆಯ ವಿಸ್ತೀರ್ಣ), ಸಿಎಲ್ (ಲಿಫ್ಟ್ ಗುಣಾಂಕ). ಅದನ್ನ ಬೋರ್ಡ್ ಮೇಲೆ ಬರೆದಾದ ಮೇಲೇ ನಿಜವಾದ ಪ್ರಶ್ನೆ ಶುರುವಾಗೋದು. "ಇದರಲ್ಲಿ ನಿನ್ನ ಕೈಯಲ್ಲಿರೋದು ಯಾವುದು?" ಅಂತಾರೆ. ವೇಗ ಇದೆ, ಆಂಗಲ್ ಆಫ್ ಅಟ್ಯಾಕ್ (ಎದುರು ಗಾಳಿಗೆ ರೆಕ್ಕೆ ಇರೋ ಕೋನ) ಇದೆ, ಫ್ಲಾಪ್ ಇದೆ. ಗಾಳಿಯ ಸಾಂದ್ರತೆ ನಿನ್ನ ಕೈಯಲ್ಲಿಲ್ಲ. ಆಮೇಲೆ 60 ಡಿಗ್ರಿ ಬ್ಯಾಂಕ್‌ನಲ್ಲಿ (ಪಕ್ಕಕ್ಕೆ ವಾಲಿ) ಎತ್ತರ ಕಾಯ್ಕೊಂಡು ತಿರುಗಿದ್ರೆ ಸ್ಟಾಲ್ ಸ್ಪೀಡ್, ಅಂದ್ರೆ ಅದಕ್ಕಿಂತ ಕಮ್ಮಿಯಾದ್ರೆ ರೆಕ್ಕೆ ಲಿಫ್ಟ್ ಕಳ್ಕೊಳ್ಳೋ ವೇಗ, ಏನಾಗುತ್ತೆ ಅಂತಾರೆ. ಲೋಡ್ ಫ್ಯಾಕ್ಟರ್ (ರೆಕ್ಕೆ ಹೊರೋ ಭಾರ ತೂಕದ ಎಷ್ಟು ಪಟ್ಟು ಅನ್ನೋದು) 2, ಅದರ ವರ್ಗಮೂಲ 1.41, ಅಂದ್ರೆ ಸ್ಟಾಲ್ ಸ್ಪೀಡ್ 41 ಪರ್ಸೆಂಟ್ ಏರುತ್ತೆ. ಸಂಖ್ಯೆ ಗೊತ್ತಿದ್ದು "ಯಾಕೆ" ಗೊತ್ತಿಲ್ಲದಿದ್ರೆ ಎರಡೇ ನಿಮಿಷಕ್ಕೆ ಸಿಕ್ಕಿಬೀಳ್ತೀರಿ.

ದಾವಣಗೆರೆ ಏವಿಯೇಟರ್: ಸರ್ ಡಚ್ ರೋಲ್ ಅಂದ್ರೇನು? ಒಂದೇ ಸಾಲಲ್ಲಿ ಹೇಳಿ.

ಕ್ಯಾಪ್ಟನ್: ವಿಮಾನ ಯಾ (ಮೂಗು ಎಡಕ್ಕೆ ಬಲಕ್ಕೆ ತಿರುಗೋದು) ಮತ್ತು ರೋಲ್ (ರೆಕ್ಕೆ ಪಕ್ಕಕ್ಕೆ ವಾಲೋದು) ಎರಡೂ ಒಂದರ ಹಿಂದೆ ಒಂದು ಮಾಡ್ತಾ ಬಾಲ ಅಲ್ಲಾಡಿಸೋದು. ಹಿಂದಕ್ಕೆ ಬಾಗಿದ ರೆಕ್ಕೆಯಲ್ಲಿ ಹೆಚ್ಚು. ಯಾ ಡ್ಯಾಂಪರ್ ಇರೋದು ಅದಕ್ಕೇ.

ಹುಬ್ಬಳ್ಳಿ ಅಪ್ಪ: ಸರ್ ನಮಸ್ಕಾರ್ರೀ. ಮಗನ ಸಲುವಾಗಿ ಕೇಳಾಕತ್ತೀನಿ. ಟೈಪ್ ರೇಟಿಂಗ್ (ಒಂದು ಮಾದರಿ ವಿಮಾನ ಹಾರಿಸೋ ತರಬೇತಿ) ನಮ್ಮ ರೊಕ್ಕದಾಗ ಮಾಡಿಸಿದ್ರ ನೌಕರಿ ಗ್ಯಾರಂಟಿ ಅಂತಾರ ಏಜೆಂಟರು. ಖರೇನಾ?

ಕ್ಯಾಪ್ಟನ್: ಗ್ಯಾರಂಟಿ ಅಂತ ಯಾರಾದ್ರೂ ಬರೆದುಕೊಟ್ಟಿದ್ರೆ ಆ ಕಾಗದ ನನಗೂ ತೋರಿಸಿ. ಬಾಯಿಮಾತಾದ್ರೆ ರೊಕ್ಕ ಕೊಡಬೇಡಿ.

ಬೆಳ್ಳಂದೂರು ಪೈಲಟ್: ಸರ್, ನನ್ನ ಸ್ನೇಹಿತನಿಗೆ ಹೀಗೆ ಕೇಳಿದ್ರಂತೆ: ಅದೇ ವಿಮಾನ, ಅದೇ ತೂಕ, ಏಪ್ರಿಲ್ ಮಧ್ಯಾಹ್ನ ಬೆಂಗಳೂರಿಂದ ಟೇಕಾಫ್ ಆದ್ರೆ ಮಂಗಳೂರಿಗಿಂತ ಏನು ವ್ಯತ್ಯಾಸ? ಅವನು "ಬೆಂಗಳೂರು ತಂಪು, ಹಾಗಾಗಿ ಒಳ್ಳೇದು" ಅಂದ್ನಂತೆ.

ಕ್ಯಾಪ್ಟನ್: ಪಾಪ. ಕೆಂಪೇಗೌಡ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 3000 ಅಡಿ ಮೇಲಿದೆ. ಸ್ಟ್ಯಾಂಡರ್ಡ್ ಲೆಕ್ಕದಲ್ಲಿ ಅಲ್ಲಿ 9 ಡಿಗ್ರಿ ಇರಬೇಕು. ಏಪ್ರಿಲ್‌ನಲ್ಲಿ 33 ಅಂತಿಟ್ಕೊಳ್ಳಿ, 24 ಡಿಗ್ರಿ ಜಾಸ್ತಿ. ಡಿಗ್ರಿಗೆ 120 ಅಡಿ ಹಾಕಿದ್ರೆ 2880. ಅದನ್ನ ಆ 3000ಕ್ಕೆ ಕೂಡಿಸಿದ್ರೆ ಡೆನ್ಸಿಟಿ ಆಲ್ಟಿಟ್ಯೂಡ್ (ಗಾಳಿಯ ಸಾಂದ್ರತೆ ಲೆಕ್ಕದ ಎತ್ತರ) 5900 ಅಡಿ ಹತ್ತಿರ ಬರುತ್ತೆ. ರೆಕ್ಕೆಗೂ ಎಂಜಿನ್‌ಗೂ ತಾವು ಮಡಿಕೇರಿಗಿಂತ ಎತ್ತರದಲ್ಲಿದ್ದೀವಿ ಅನ್ನಿಸುತ್ತೆ. ಸ್ಪೀಡ್ ಮೀಟರ್‌ನಲ್ಲಿ 140 ನಾಟ್ ತೋರಿಸುವಾಗ ಟ್ರೂ ಏರ್‌ಸ್ಪೀಡ್ (ಗಾಳಿಯಲ್ಲಿ ನಿಜವಾದ ವೇಗ) 153 ಹತ್ತಿರ. ರೊಟೇಟ್ ಮಾಡೋ (ಮೂಗು ಎತ್ತೋ) ಇಂಡಿಕೇಟೆಡ್ ವೇಗ, ಅಂದ್ರೆ ಮೀಟರ್ ತೋರಿಸೋದು, ಅದೇ, ನೆಲದ ಮೇಲಿನ ಓಟ ಉದ್ದ, ಎಂಜಿನ್ ಒತ್ತು ಕಮ್ಮಿ, ಮೇಲೇರೋ ದರ ಕಮ್ಮಿ, ಬ್ರೇಕ್‌ಗೆ ಕೆಲಸ ಜಾಸ್ತಿ. ಮಂಗಳೂರಲ್ಲಿ ಸೆಕೆ ಇದ್ರೂ ಎತ್ತರ 300 ಅಡಿ ಚಿಲ್ಲರೆ. ಆದ್ರೆ ಅದು ಟೇಬಲ್‌ಟಾಪ್, ರನ್‌ವೇ ತುದಿಗೆ ಕಣಿವೆ. ಎರಡನ್ನೂ ಹೇಳಿದವನಿಗೆ ಮಾರ್ಕ್ಸ್.

ಭೌತಶಾಸ್ತ್ರ ಮೇಷ್ಟ್ರು (ನಿವೃತ್ತ): ಮಕ್ಕಳೇ, ಲಿಫ್ಟ್ ಬಗ್ಗೆ ಸರಳವಾಗಿ ತಿಳಿದುಕೊಳ್ಳಿ. ರೆಕ್ಕೆಯ ಮೇಲ್ಮೈ ಉಬ್ಬಿರುವುದರಿಂದ ಮೇಲಿನ ಗಾಳಿ ಹೆಚ್ಚು ದೂರ ಸಾಗಬೇಕು. ಕೆಳಗಿನ ಗಾಳಿಯೊಂದಿಗೆ ಏಕಕಾಲಕ್ಕೆ ಹಿಂಬದಿ ತಲುಪಬೇಕಾದ್ದರಿಂದ ವೇಗವಾಗಿ ಹರಿಯುತ್ತದೆ. ಬರ್ನೌಲಿಯ ಪ್ರಕಾರ ಒತ್ತಡ ಕಡಿಮೆಯಾಗುತ್ತದೆ. ಇಷ್ಟೇ.

ಕ್ಯಾಪ್ಟನ್: ಮೇಷ್ಟ್ರೇ, ಕ್ಷಮಿಸಿ, ಇದನ್ನ ಇಂಟರ್‌ವ್ಯೂನಲ್ಲಿ ಹೇಳಿದ್ರೆ ಮಕ್ಕಳು ಮನೆಗೆ ಬರ್ತಾರೆ. ಏಕಕಾಲಕ್ಕೆ ತಲುಪಬೇಕು ಅನ್ನೋ ನಿಯಮ ಎಲ್ಲೂ ಇಲ್ಲ. ಅಳೆದು ನೋಡಿದ್ರೆ ಮೇಲಿನ ಗಾಳಿ ಮೊದಲೇ ಹೋಗಿ ಸೇರಿರುತ್ತೆ.

ಭೌತಶಾಸ್ತ್ರ ಮೇಷ್ಟ್ರು (ನಿವೃತ್ತ): ನಾನು ಮೂರು ದಶಕ ಪಾಠ ಮಾಡಿದವನು. ಪಠ್ಯದಲ್ಲಿ ಹೀಗೇ ಇತ್ತು.

ದಾವಣಗೆರೆ ಏವಿಯೇಟರ್: ಪಠ್ಯದಲ್ಲಿ ಇದ್ರೆ ಸರಿನಾ ಸರ್? ಯಲಹಂಕದ ಏರೋ ಇಂಡಿಯಾದಲ್ಲಿ ಸೂರ್ಯಕಿರಣದವರು ತಲೆಕೆಳಗಾಗಿ ಹಾರ್ತಾರಲ್ಲ, ಆಗ ಉಬ್ಬು ಯಾವ ಕಡೆ ಇರುತ್ತೆ?

ಭೌತಶಾಸ್ತ್ರ ಮೇಷ್ಟ್ರು (ನಿವೃತ್ತ): ಅದು ವಿಶೇಷ ಸಂದರ್ಭ.

ದಾವಣಗೆರೆ ಏವಿಯೇಟರ್: ಹ್ಹ ಹ್ಹ. ಲಿಫ್ಟ್‌ಗೂ ವಿಶೇಷ ಸಂದರ್ಭ ಬಂತು. ನ್ಯೂಟನ್ ಅಂತ ಒಬ್ಬ ಇದ್ದ ಮೇಷ್ಟ್ರೇ. ಗಾಳಿನ ಕೆಳಕ್ಕೆ ತಳ್ಳಿದ್ರೆ ರೆಕ್ಕೆ ಮೇಲಕ್ಕೆ. ಬರ್ನೌಲಿ ಬೇಕೇ ಇಲ್ಲ.

ಕ್ಯಾಪ್ಟನ್: ನಿನ್ನದೂ ಅರ್ಧ ಸತ್ಯನೇ ಕಣಪ್ಪ. ಬರ್ನೌಲಿ ತಪ್ಪಲ್ಲ, "ಏಕಕಾಲ" ಅನ್ನೋದು ತಪ್ಪು. ಒತ್ತಡದ ವ್ಯತ್ಯಾಸ, ಗಾಳಿ ಕೆಳಕ್ಕೆ ತಿರುಗೋದು, ಎರಡೂ ಒಂದೇ ಘಟನೆಯ ಎರಡು ಲೆಕ್ಕ. ದೊಡ್ಡವರ ಜೊತೆ ಹ್ಹ ಹ್ಹ ಬೇಡ.

ಕಲಬುರಗಿ ರಿಜ್ವಾನ್: ಸರ್ ದಯವಿಟ್ಟು ನಂದು ಸ್ವಲ್ಪ ನೋಡಿ. ಹೋದ ತಿಂಗಳು ಲಿಖಿತ ಪರೀಕ್ಷೆ, ಟೆಕ್ನಿಕಲ್ ಎರಡೂ ಪಾಸಾದೆ. ಸಿಮ್ ಚೆಕ್‌ನಲ್ಲಿ ಫೇಲ್. 737 ಸಿಮ್. ಸುಮಾರು 10,000 ಅಡಿಯಲ್ಲಿ ವೇಗ ಕಮ್ಮಿ ಮಾಡಿಸಿದ್ರು, ಸ್ಟಿಕ್ ಶೇಕರ್ (ಸ್ಟಾಲ್ ಹತ್ತಿರ ಬಂತು ಅಂತ ಕಂಟ್ರೋಲ್ ಕಾಲಮ್ ಅಲುಗಾಡಿಸೋ ಎಚ್ಚರಿಕೆ) ಬಂತು. ನಾನು ಫುಲ್ ಥ್ರಸ್ಟ್ (ಎಂಜಿನ್ ಒತ್ತು) ಕೊಟ್ಟು ಮೂಗು ಹಿಡಿದು ಎತ್ತರ ಬಿಡದೆ ಕಾಪಾಡಿದೆ. 50 ಅಡಿ ಕೂಡ ಕಳ್ಕೊಂಡಿಲ್ಲ. ನಮ್ಮ ಸ್ಕೂಲಲ್ಲಿ ಕಲಿಸಿದ್ದೇ ಹಾಗೆ. ಎತ್ತರ ಕಳ್ಕೊಂಡ್ರೆ ಬೈತಿದ್ರು. ಎಕ್ಸಾಮಿನರ್ ಏನೂ ಹೇಳದೆ ಏನೋ ಬರ್ಕೊಂಡ್ರು. ನಾನು ಮಾಡಿದ್ದರಲ್ಲಿ ತಪ್ಪೇನು?

ಕ್ಯಾಪ್ಟನ್: ಶೇಕರ್ ಬಂದಾಗ ಮೊದಲು ಯಾವುದು ಹೋಯ್ತು, ಥ್ರಸ್ಟ್ ಲಿವರಾ, ಕಾಲಮ್ಮಾ? ಮೂಗು ಎಷ್ಟು ಡಿಗ್ರಿ ಇತ್ತು? ಶೇಕರ್ ಎಷ್ಟು ಹೊತ್ತು ಹೊಡ್ಕೊಂಡಿತು?

ಕಲಬುರಗಿ ರಿಜ್ವಾನ್: ಥ್ರಸ್ಟ್ ಮೊದಲು ಸರ್. ಮೂಗು 10 ಇದ್ದಿದ್ದು 14ಕ್ಕೆ ಹೋಯ್ತು, ಒತ್ತಿ ಹಿಡಿದೆ, ಆದ್ರೆ ಕೆಳಗೆ ಬಿಡಲಿಲ್ಲ. ಶೇಕರ್ ನಿಂತು ಮತ್ತೆ ಬಂತು. ಎರಡು ಸಲ.

ಕ್ಯಾಪ್ಟನ್: ಹಾಗಾದ್ರೆ ನಿಮಗೆ ಕಾರಣ ಗೊತ್ತಾಗಲೇಬೇಕು, ಉದ್ದ ಆದ್ರೂ ಓದಿ. ಬೇರೆಯವರೂ ಓದಿ, ಇದು ಬರೀ ಇಂಟರ್‌ವ್ಯೂ ವಿಷಯ ಅಲ್ಲ.

ಸ್ಟಾಲ್ ಆಗೋದು ವೇಗ ಕಮ್ಮಿಯಾಗಿದ್ದಕ್ಕಲ್ಲ, ಆಂಗಲ್ ಆಫ್ ಅಟ್ಯಾಕ್ ಮಿತಿ ಮೀರಿದ್ದಕ್ಕೆ. ಇದನ್ನ ಎಲ್ಲರೂ ಗಿಳಿಪಾಠ ಒಪ್ಪಿಸ್ತಾರೆ. ಶೇಕರ್ ಬಂದ ಕೂಡಲೇ ಕೈ ಮಾತ್ರ ವೇಗದ ಹಿಂದೆ ಓಡುತ್ತೆ, ಥ್ರಸ್ಟ್ ಲಿವರ್ ಹಿಡಿಯುತ್ತೆ. 737ರ ಎಂಜಿನ್ ರೆಕ್ಕೆ ಕೆಳಗೆ ತೂಗ್ತಿರೋದು. ಒತ್ತು ಬರೋ ಗೆರೆ ವಿಮಾನದ ತೂಕದ ಕೇಂದ್ರಕ್ಕಿಂತ ಕೆಳಗಿದೆ. ಫುಲ್ ಥ್ರಸ್ಟ್ ಕೊಟ್ರೆ ಮೂಗು ತಾನೇ ಮೇಲೇಳುತ್ತೆ. ನಿಮ್ಮ 10 ಡಿಗ್ರಿ 14 ಆಗಿದ್ದು ಹಾಗೇ. ಅಂದ್ರೆ ಕಾಯಿಲೆ ಕಮ್ಮಿ ಮಾಡಬೇಕಾದ ಹೊತ್ತಲ್ಲಿ ಜಾಸ್ತಿ ಮಾಡಿದ್ರಿ. ಟ್ರಿಮ್ (ಮೂಗನ್ನ ಒಂದು ಕೋನದಲ್ಲಿ ಹಿಡಿದಿಡೋ ವ್ಯವಸ್ಥೆ) ಬೇರೆ ಹಿಂದಕ್ಕೆ ಸುತ್ಕೊಂಡಿದ್ರೆ ಮೂಗು ಇಳಿಸೋಕೆ ಎಲಿವೇಟರ್ (ಬಾಲದ ಹಲಗೆ) ಸಾಲದೇ ಹೋಗಬಹುದು. ನಿಮ್ಮ ಸ್ಕೂಲಿನ ಸೆಸ್ನಾದಲ್ಲಿ ಪ್ರೊಪೆಲ್ಲರ್ ಗಾಳಿ ರೆಕ್ಕೆ ಬುಡಕ್ಕೂ ಬಾಲಕ್ಕೂ ತಕ್ಷಣ ಬೀಸಿ ನಿಮ್ಮನ್ನ ಕಾಪಾಡ್ತಿತ್ತು. ಜೆಟ್‌ನಲ್ಲಿ ಆ ಗಾಳಿ ಇಲ್ಲ, ಎಂಜಿನ್ ಸ್ಪೂಲ್ ಆಗಿ ಪೂರ್ತಿ ಒತ್ತು ಕೊಡೋಕೂ ಕೆಲವು ಸೆಕೆಂಡ್ ಬೇಕು.

"ಎತ್ತರ ಕಳ್ಕೋಬೇಡ" ಅನ್ನೋ ಪಾಠ ಹಿಂದೆ ದೊಡ್ಡ ಏರ್‌ಲೈನ್‌ಗಳಲ್ಲೂ ಇತ್ತು. 2009ರ ಫೆಬ್ರವರಿಯಲ್ಲಿ ಅಮೆರಿಕದ ಬಫಲೋ ಹತ್ತಿರ ಒಂದು ಕ್ಯೂ400 (ಪ್ರೊಪೆಲ್ಲರ್ ವಿಮಾನ), ಶೇಕರ್ ಬಂದಾಗ ಕ್ಯಾಪ್ಟನ್ ಕಾಲಮ್ ಹಿಂದಕ್ಕೆ ಎಳೆದ್ರು, ನೆಲದ ಮೇಲಿದ್ದ ಒಬ್ಬರೂ ಸೇರಿ 50 ಜನ ಹೋದ್ರು. ಅದೇ ವರ್ಷ ಜೂನ್ 1ಕ್ಕೆ ಬಿದ್ದಿದ್ದು, ರಿಯೋದಿಂದ ಪ್ಯಾರಿಸ್‌ಗೆ ಹೊರಟಿದ್ದ ಏರ್ ಫ್ರಾನ್ಸ್ 447. ಪಿಟೋ ಟ್ಯೂಬ್‌ಗೆ (ವೇಗ ಅಳೆಯೋ ಕೊಳವೆ) ಹಿಮ ಕಟ್ಟಿ ವೇಗದ ಮಾಹಿತಿ ಕೆಟ್ಟಿತು, ಆಟೋಪೈಲಟ್ ಬಿಟ್ಟುಕೊಡ್ತು. ವಿಮಾನ ಚೆನ್ನಾಗೇ ಇತ್ತು. ಮೂಗು ಎತ್ತಿ 38,000 ಅಡಿಗೆ ಹತ್ತಿಸಿದ್ರು, ಅಲ್ಲಿಂದ ಸ್ಟಾಲ್ ಆಗಿ ಸಮುದ್ರದವರೆಗೆ ಸ್ಟಾಲ್‌ನಲ್ಲೇ ಇಳೀತು. 228 ಜನ ಹೋದ್ರು. ಅದರಲ್ಲಿ ಒಂದು ವಿಷಯ ಕೇಳಿದ್ರೆ ಈಗಲೂ ಮೈ ಜುಮ್ಮನ್ನುತ್ತೆ. ಅಳೆದ ವೇಗ 60 ನಾಟ್‌ಗಿಂತ ಕೆಳಗೆ ಹೋದ್ರೆ ಕಂಪ್ಯೂಟರ್ ಆಂಗಲ್ ಆಫ್ ಅಟ್ಯಾಕ್ ಮಾಹಿತಿಯನ್ನ ನಂಬಲ್ಲ, ಸ್ಟಾಲ್ ಎಚ್ಚರಿಕೆ ನಿಲ್ಲುತ್ತೆ. ಮೂಗು ಇಳಿಸಿದ್ರೆ ವೇಗ ಸ್ವಲ್ಪ ಬಂದು ಎಚ್ಚರಿಕೆ ಮತ್ತೆ ಕೂಗುತ್ತೆ. ಸರಿ ಮಾಡಿದಾಗ ಬೈಗುಳ, ತಪ್ಪು ಮಾಡಿದಾಗ ಮೌನ.

ಆ ಎರಡಾದ ಮೇಲೆ ವಿಮಾನ ತಯಾರಕರು ಒಟ್ಟಿಗೆ ಕೂತು ಕ್ರಮ ಬದಲಾಯಿಸಿದ್ರು. ಆಟೋಪೈಲಟ್, ಆಟೋಥ್ರಾಟಲ್ ಬಿಡಿಸಿ. ಶೇಕರ್ ನಿಲ್ಲೋವರೆಗೆ ಮೂಗು ಕೆಳಗೆ, ಬೇಕಾದ್ರೆ ಟ್ರಿಮ್ ಕೂಡ. ರೆಕ್ಕೆ ಸಮ ಮಾಡಿ. ಥ್ರಸ್ಟ್ ಆಮೇಲೆ, ಬೇಕಾದಷ್ಟು. ಸ್ಪೀಡ್ ಬ್ರೇಕ್ (ವೇಗ ಇಳಿಸೋಕೆ ರೆಕ್ಕೆ ಮೇಲೆ ಏಳೋ ಹಲಗೆ) ಒಳಗೆ. ಕೊನೆಗೆ ನಿಧಾನಕ್ಕೆ ಮೇಲೆ, ಆತುರ ಬಿದ್ರೆ ಎರಡನೇ ಶೇಕರ್, ನಿಮಗೆ ಬಂತಲ್ಲ ಅದು. ಎತ್ತರ ಹೋದ್ರೆ ಹೋಗಲಿ. 35,000 ಅಡಿಯಲ್ಲಂತೂ ಹೆಚ್ಚುವರಿ ಥ್ರಸ್ಟೇ ಇರಲ್ಲ, ಎತ್ತರ ಮಾರಿಯೇ ವೇಗ ಕೊಳ್ಳಬೇಕು.

ಎಕ್ಸಾಮಿನರ್ ಬರ್ಕೊಂಡಿದ್ದು ಏನಿರಬಹುದು ಅಂದ್ರೆ, "50 ಅಡಿ ಕೂಡ ಬಿಡಲಿಲ್ಲ." ನೀವು ಹೆಮ್ಮೆಯಿಂದ ಹೇಳಿದ್ರಲ್ಲ, ಅದನ್ನೇ.

ಕಲಬುರಗಿ ರಿಜ್ವಾನ್: ಸರ್... ಇದನ್ನ ಯಾರೂ ಹೀಗೆ ಹೇಳಿರಲಿಲ್ಲ.

ತುಮಕೂರು ಸ್ಕೈ: ಸರ್ ಡಚ್ ರೋಲ್ ಬಗ್ಗೆ ಸ್ವಲ್ಪ ವಿವರಿಸಿ.

ಕ್ಯಾಪ್ಟನ್: ಮೇಲಿದೆ.

ಹಿತೈಷಿ: ಫಾರ್ವರ್ಡ್ ಬಂದಿದ್ದು, ಎಲ್ಲರಿಗೂ ಉಪಯೋಗ: ಇಂಟರ್‌ವ್ಯೂ ಭಯಕ್ಕೆ ಅರ್ಧ ಗಂಟೆ ಮುಂಚೆ ಹೋಮಿಯೋಪತಿ ಹನಿ ನಾಲಿಗೆ ಕೆಳಗೆ. ಕೈ ನಡುಗಿದ್ರೆ ಎದೆಬಡಿತ ಇಳಿಸೋ ಮಾತ್ರೆ ಅರ್ಧ. ಮೆಡಿಕಲ್ ದಿನ ಬಿಪಿ ಬರದಿರಲು ಬೆಳಿಗ್ಗೆ ಬೀಟ್‌ರೂಟ್ ರಸ, ಕಣ್ಣಿನ ಬಣ್ಣದ ದೋಷಕ್ಕೆ ಕ್ಯಾರೆಟ್ 40 ದಿನ. ಹಲವರು ಪಾಸಾಗಿದ್ದಾರೆ.

ಕ್ಯಾಪ್ಟನ್: ಇದನ್ನ ಅಡ್ಮಿನ್ ತೆಗೀಲಿ. ತೆಗೆಯೋ ಮುಂಚೆ ಓದಿದವರಿಗೆ: ಆ ಹನಿಗಳಲ್ಲಿ ಬಹಳಷ್ಟು ಆಲ್ಕೋಹಾಲ್‌ನಲ್ಲೇ ಕಲಸಿರೋದು. ನಮ್ಮಲ್ಲಿ ಬ್ರೆತ್ ಅನಲೈಸರ್‌ಗೆ ಸೊನ್ನೆ ಅಂದ್ರೆ ಸೊನ್ನೆ, ಆಲ್ಕೋಹಾಲ್ ಇರೋ ಮೌತ್‌ವಾಶ್ ಕೂಡ ಡಿಜಿಸಿಎ (ವಿಮಾನಯಾನ ನಿಯಂತ್ರಣ ಸಂಸ್ಥೆ) ಬೇಡ ಅಂದಿದೆ. ಈಗಿಂದಲೇ ಆ ಅಭ್ಯಾಸ ಯಾಕೆ? ಎದೆಬಡಿತ ಇಳಿಸೋ ಮಾತ್ರೆ ಆಸ್ತಮಾ ಇದ್ದವರಿಗೆ ಉಸಿರೇ ಕಟ್ಟಿಸಬಹುದು. ಮಾತ್ರೆ ನುಂಗಿ ಮೆಡಿಕಲ್‌ಗೆ ಕೂತು, ಫಾರ್ಮ್‌ನಲ್ಲಿ "ಯಾವ ಔಷಧಿಯೂ ಇಲ್ಲ" ಅಂತ ಸಹಿ ಹಾಕಿದ್ರೆ ಅದು ಸುಳ್ಳು ಘೋಷಣೆ. ಬಣ್ಣದ ದೋಷ ಹುಟ್ಟಿನಿಂದ ಬಂದಿದ್ದಾದ್ರೆ ಕ್ಯಾರೆಟ್ ಹೊಲ ಪೂರ್ತಿ ತಿಂದ್ರೂ ಹೋಗಲ್ಲ. ಬಿಪಿ ಇದ್ರೆ ಡಿಜಿಸಿಎ ಒಪ್ಪಿದ ವೈದ್ಯರ ಹತ್ತಿರ ಮೊದಲೇ ಹೋಗಿ, ದಾರಿ ಇರುತ್ತೆ.

ಹಿತೈಷಿ: ನಾನು ಒಳ್ಳೇದಕ್ಕೆ ಹಾಕಿದ್ದು. ಇಷ್ಟು ಕೋಪ ಯಾಕೆ? ಆಯುರ್ವೇದ, ಹೋಮಿಯೋಪತಿ ಅಂದ್ರೆ ಎಲ್ಲರಿಗೂ ತಾತ್ಸಾರ.

ಕ್ಯಾಪ್ಟನ್: ಪದ್ಧತಿ ಬಗ್ಗೆ ನಾನು ಮಾತಾಡಿಲ್ಲ, ಬಾಟಲಿಯಲ್ಲಿ ಏನಿದೆ ಅಂತ ಹೇಳಿದೆ.

ಉಡುಪಿ ವಿಂಗ್ಸ್: ಸರ್, ಎಚ್‌ಆರ್ ರೌಂಡ್‌ನಲ್ಲಿ "ಕ್ಯಾಪ್ಟನ್ ತಪ್ಪು ಮಾಡ್ತಿದ್ರೆ ಏನು ಮಾಡ್ತೀಯ" ಅಂತ ಕೇಳ್ತಾರಂತೆ. "ಸೀನಿಯರ್‌ಗೆ ಗೌರವ ಕೊಟ್ಟು ವಿನಂತಿಸ್ತೀನಿ" ಅಂದ್ರೆ ಆಗ್ತದಾ?

ಕ್ಯಾಪ್ಟನ್: ನೀವು ಕರಾವಳಿಯವರು, ನಿಮಗೆ ಮರೆತಿರಲ್ಲ. 2010ರ ಮೇ 22, ಬಜ್ಪೆ ವಿಮಾನ ದುರಂತ, 158 ಜನ ಹೋದ್ರು. ಕೋ ಪೈಲಟ್ ಗೋ ಅರೌಂಡ್ (ಇಳಿಸದೆ ಮತ್ತೆ ಮೇಲಕ್ಕೆ ಹೋಗೋಣ) ಅಂದಿದ್ರು, ಒಂದು ಸಲ ಅಲ್ಲ. ವಿಮಾನ ಎತ್ತರದಲ್ಲೂ ವೇಗದಲ್ಲೂ ಹೆಚ್ಚಿತ್ತು, ಆದ್ರೂ ಇಳಿಸಿದ್ರು. ಹಾಗಾಗಿ ಉತ್ತರದಲ್ಲಿ ವಿನಂತಿ ಇರಲಿ, ಅಲ್ಲಿಗೇ ನಿಲ್ಲಬೇಡಿ. ಮೊದಲು ಸಂಖ್ಯೆ ಹೇಳಿ, "ಸ್ಪೀಡ್ 20 ಜಾಸ್ತಿ" ಅಂತ. ಆಮೇಲೆ "ಅನ್‌ಸ್ಟೇಬಲ್, ಗೋ ಅರೌಂಡ್". ಉತ್ತರ ಬರದಿದ್ರೆ, ಕಂಪನಿಯ ನಿಯಮದಂತೆ ಕಂಟ್ರೋಲ್ ತಗೊಳ್ತೀನಿ ಅನ್ನಿ. ಅದನ್ನ ಹೇಳೋವಾಗ ದನಿ ನಡುಗಬಾರದು.

ಹುಬ್ಬಳ್ಳಿ ಅಪ್ಪ: ಸರ್ ಏಜೆಂಟಗ ಫೋನ್ ಹಚ್ಚಿದ್ದೆ. ಕಾಗದ ಕೊಡಾಂಗಿಲ್ಲ ಅಂದ. ಅರ್ಧ ರೊಕ್ಕ ಆಗಲೇ ಕೊಟ್ಟೀನ್ರೀ.

ದಾವಣಗೆರೆ ಏವಿಯೇಟರ್: ದುಡ್ಡಿರೋರಿಗೇ ಈ ಫೀಲ್ಡು ಬಿಡಿ. ನಮ್ಮಂಥೋರು 200 ಗಂಟೆ ಹಾರಿ ಲಾಗ್‌ಬುಕ್ ಹಿಡ್ಕೊಂಡು ಕೂತಿದ್ದೀವಿ.

ಬೆಳ್ಳಂದೂರು ಪೈಲಟ್: ಏಜೆಂಟ್ ಹಿಡಿದವರಿಂದಲೇ ಮಾರ್ಕೆಟ್ ಹಾಳಾಗಿದ್ದು.

ಹುಬ್ಬಳ್ಳಿ ಅಪ್ಪ: ಹೊಲ ಅಡಾ ಇಟ್ಟು ಕೊಟ್ಟೀನಿ, ದುಡ್ಡಿರೋರು ಅಂತೀಯಲ್ಲೋ ತಮ್ಮಾ.

ಭೌತಶಾಸ್ತ್ರ ಮೇಷ್ಟ್ರು (ನಿವೃತ್ತ): ಇಲ್ಲಿ ಹಿರಿಯರಿಗೆ ಮರ್ಯಾದೆ ಇಲ್ಲ ಎಂಬುದು ಸ್ಪಷ್ಟವಾಯಿತು. ಹಾಗೂ "ಏಕಕಾಲ"ದ ವಿಚಾರ ಇನ್ನೂ ಇತ್ಯರ್ಥವಾಗಿಲ್ಲ.

ಅಡ್ಮಿನ್: ಎಲ್ಲರೂ ಶಾಂತ. ಹಿತೈಷಿಯವರ ಪೋಸ್ಟ್ ತೆಗೆದಿದ್ದೇನೆ.

ಮೈಸೂರು ಮೇಘ: ಸರ್ ಎಡಗಣ್ಣು ಮೈನಸ್ 2, ತೊಂದರೆ ಇದೆಯಾ? ಆರ್‌ಟಿಆರ್ (ರೇಡಿಯೋದಲ್ಲಿ ಮಾತಾಡೋ ಲೈಸೆನ್ಸ್) ಪರೀಕ್ಷೆ ಮುಂದಿನದು ಯಾವಾಗ?

ಹಾಸನ ಏರ್‌ಬಸ್: ಸರ್ 50 ಪ್ರಶ್ನೆ ಪಿಡಿಎಫ್ ಇದ್ರೆ ಕಳಿಸಿ, ಉತ್ತರ ಸಮೇತ.

ಕ್ಯಾಪ್ಟನ್: ಇಲ್ಲ.

ಶಿವಮೊಗ್ಗ ಹುಡುಗಿ: ಸರ್, ರೆಕ್ಕೆ ಹಿಂದಕ್ಕೆ ಬಾಗಿದ್ರೆ ತುದಿ ಮೊದಲು ಸ್ಟಾಲ್ ಆಗುತ್ತೆ ಅಂತ ಓದಿದೆ. ತುದಿ ಸ್ಟಾಲ್ ಆದ್ರೆ ಮೂಗು ಬೀಳಬೇಕಲ್ವಾ? ಏಳುತ್ತೆ ಅಂತ ಇದೆ.

ಕ್ಯಾಪ್ಟನ್: ಇವತ್ತಿನ ಒಳ್ಳೇ ಪ್ರಶ್ನೆ. ರೆಕ್ಕೆ ತುದಿ ಎಲ್ಲಿದೆ ನೋಡು, ತೂಕದ ಕೇಂದ್ರಕ್ಕಿಂತ ಹಿಂದೆ. ಹಿಂದಿನ ಲಿಫ್ಟ್ ಹೋದ್ರೆ ಮುಂದಿನದು ಉಳಿಯುತ್ತೆ, ಮೂಗು ಮೇಲೆ. ಆಂಗಲ್ ಇನ್ನೂ ಜಾಸ್ತಿ, ಸ್ಟಾಲ್ ಇನ್ನೂ ಆಳ. ಅದಕ್ಕೇ ತುದಿಯನ್ನ ಸ್ವಲ್ಪ ಕೆಳಕ್ಕೆ ತಿರುಚಿ ಕಟ್ಟಿರ್ತಾರೆ, ವಾಶೌಟ್ ಅಂತ. ಬಿಳಿ ಹಾಳೆ ಮೇಲೆ ವಿಮಾನ ಬರೆದು ತೋರಿಸಿ ಹೇಳು, ಪ್ಯಾನೆಲ್ ಮುಂದೆ ಪೆನ್ನು ಕೇಳೋಕೆ ಸಂಕೋಚ ಬೇಡ.

ತುಮಕೂರು ಸ್ಕೈ: ಸರ್ ಮೇಲೆ ಹುಡುಕಿದೆ, ಡಚ್ ರೋಲ್ ಒಂದೇ ಸಾಲಿದೆ. ಅಷ್ಟೇನಾ?

ಕಲಬುರಗಿ ರಿಜ್ವಾನ್: ಸರ್ ಕೊನೆಯದು. ಸಿಮ್ ಗಂಟೆ ಕೊಳ್ಳೋಕೆ ಈಗ ದುಡ್ಡಿಲ್ಲ. ಕೈ ಅಭ್ಯಾಸ ಹೇಗೆ ಬದಲಾಯಿಸೋದು?

ಕ್ಯಾಪ್ಟನ್: ಮನೇಲಿ ಕುರ್ಚಿ ಮೇಲೆ ಕೂತು ಕಾಕ್‌ಪಿಟ್ ಪೋಸ್ಟರ್ ಗೋಡೆಗೆ ಅಂಟಿಸಿ. ಯಾರಾದ್ರೂ ಚಪ್ಪಾಳೆ ತಟ್ಟಿದ್ರೆ ಅದೇ ಶೇಕರ್. ಎಡಗೈ ಮುಂದಕ್ಕೆ ಹೋಗಬೇಕು, ಬಾಯಲ್ಲಿ "ಸ್ಟಾಲ್" ಅನ್ನಬೇಕು. ಬಲಗೈ ಆಟೋಥ್ರಾಟಲ್ ಬಿಡಿಸಿ ಸುಮ್ಮನಿರಬೇಕು. ಅದು ಸುಮ್ಮನಿರೋದೇ ಕಷ್ಟ. ಸಿಮ್ ಚೆಕ್‌ನಲ್ಲಿ ಬಲ ಸೀಟಿಗೆ ಕೂರಿಸ್ತಾರೆ ಅಂದ್ರೆ ಕೈ ಅದಲು ಬದಲು, ಅದನ್ನೂ ಮಾಡಿ. ಹಣ ಕೂಡಿದಾಗ ಒಂದು ಸೆಷನ್ ತಗೊಂಡು ಇದನ್ನೊಂದನ್ನೇ ಕೇಳಿ.

ಕಲಬುರಗಿ ರಿಜ್ವಾನ್: ಆಯ್ತು ಸರ್. ಅದೇ ಕಂಪನಿಯವರು ಮತ್ತೆ ಕರೀತಾರಾ?

ಕ್ಯಾಪ್ಟನ್: ಎಷ್ಟು ತಿಂಗಳಾದ ಮೇಲೆ ಅರ್ಜಿ ಹಾಕಬಹುದು ಅಂತ ಅವರ ಇಮೇಲ್‌ನಲ್ಲೇ ಇರಬೇಕು, ನೋಡಿ. ನನಗೆ ಬೆಳಗಿನ ಜಾವ ರಿಪೋರ್ಟಿಂಗ್ ಇದೆ, ಇಲ್ಲಿಗೆ ಸಾಕು. ಹುಬ್ಬಳ್ಳಿ ಯಜಮಾನರೇ, ಉಳಿದ ಅರ್ಧ ಕೊಡಬೇಡಿ, ಕೊಟ್ಟಿದ್ದಕ್ಕೆ ರಸೀದಿ ಬ್ಯಾಂಕ್ ದಾಖಲೆ ತಗೊಂಡು ನಾಳೆ ಸಂಜೆ ನನಗೆ ಬೇರೆ ಮೆಸೇಜ್ ಮಾಡಿ.